ಶಸ್ತ್ರಚಿಕಿತ್ಸೆಯ ಬಳಿಕ ಮನೆಯೊಳಗಿನ ಪಾದರಕ್ಷೆ

ಹೊಸ್ತಿಲ ಹೊರಗೆ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಒಳಗೆ ಬರುವುದು ಹಿರಿಯರಿಂದ ನಮಗೆ ಬಂದ ಶಿಸ್ತು. ಊರು ಬಿಟ್ಟು ಮುಂಬಯಿ ಸೇರಿದರೂ, ಚಾಳಿನ ಒಂದು ಖೋಲಿಯಿಂದ ಡೊಂಬಿವಲಿ, ಕಲ್ಯಾಣ್‌ಗಳ ಫ್ಲ್ಯಾಟುಗಳಿಗೂ, ಅಲ್ಲಿಂದ ಥಾಣೆಯ ಘೋಡ್‌ಬಂದರ್ ರಸ್ತೆ ಅಥವಾ ನವಿಮುಂಬಯಿಯ ಖಾರ್‌ಘರ್‌ನ ಎತ್ತರದ ಕಟ್ಟಡಗಳಿಗೂ ನಮ್ಮವರು ವಾಸ ಬದಲಿಸಿದರೂ ಈ ಶಿಸ್ತು ಬದಲಾಗಲಿಲ್ಲ. ಬದಲಾದದ್ದು ಕಾಲಡಿಯ ನೆಲ. ಊರ ಮನೆಗಳಲ್ಲಿ ಸಗಣಿ ಸಾರಿಸಿದ ನೆಲವಿತ್ತು, ಅನಂತರ ಕೆಂಪು ಸಿಮೆಂಟಿನ ನೆಲ ಬಂತು. ಇಂದು ಬಹುತೇಕ ಮನೆಗಳಲ್ಲಿ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಇದೆ. ಆರೋಗ್ಯವಂತರು ಇದರ ಮೇಲೆ ನಿಶ್ಚಿಂತೆಯಿಂದ ನಡೆದಾಡುತ್ತಾರೆ. ಆದರೆ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದವರಿಗೆ ಈ ನೆಲವೇ ಮೊದಲ ಪರೀಕ್ಷೆ. ಈ ಮಾತನ್ನು ನಾವು ಅನುಭವದಿಂದ ಕಲಿತೆವು.

2019ರ ಜನವರಿಯಲ್ಲಿ ನಮ್ಮ ತಾಯಿಯವರ ಮೊಣಕಾಲಿನ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಯಾಯಿತು. ಬ್ಯಾಂಕಿನ ನೌಕರರಾದ ನಾವು ಲೆಕ್ಕಪತ್ರಗಳಲ್ಲಿ ಎಚ್ಚರ ತಪ್ಪಿದವರಲ್ಲ. ವಿಮೆಯ ಕಾಗದ, ಔಷಧಿಯ ವೇಳಾಪಟ್ಟಿ, ವಾಕರ್, ಎತ್ತರದ ಕುರ್ಚಿ, ಶೌಚಾಲಯದ ಹಿಡಿಕೆ ಎಲ್ಲವನ್ನೂ ಮೊದಲೇ ಹೊಂದಿಸಿದ್ದೆವು. ಕಾಲಿಗೇನು ಎಂಬುದು ಮಾತ್ರ ಯಾರ ನೆನಪಿಗೂ ಬರಲಿಲ್ಲ. ಮನೆಗೆ ಬಂದ ಐದನೆಯ ದಿನ ಬೆಳಿಗ್ಗೆ, ಪಾದ ತಣ್ಣಗಾಗುತ್ತದೆ ಎಂದು ತಾಯಿಯವರು ಕಾಲುಚೀಲ ತೊಟ್ಟು ವಾಕರ್ ಹಿಡಿದು ಅಡುಗೆಮನೆಯತ್ತ ಹೊರಟರು. ಕೆಲಸದ ಬಾಯಿ ಆಗಷ್ಟೇ ನೆಲ ಒರೆಸಿದ್ದಳು. ಹಿಂದಿನ ಕಾಲು ಜಾರಿತು. ಪಕ್ಕದಲ್ಲಿದ್ದ ನಮ್ಮ ಮನೆಯಾಕೆ ತೋಳು ಹಿಡಿದುಕೊಂಡದ್ದರಿಂದ ಹೊಲಿಗೆಗೂ ಕೀಲಿಗೂ ಅಪಾಯವಾಗಲಿಲ್ಲ. ಆದರೆ ಮನಸ್ಸಿಗೆ ಭಯ ಹೊಕ್ಕಿತು. ನಾಲ್ಕು ದಿನ ಅವರು ಹಾಸಿಗೆಯಿಂದ ಏಳಲೊಪ್ಪಲಿಲ್ಲ. ನಡೆಯಲೇಬೇಕಾದ ದಿನಗಳಲ್ಲಿ ನಡೆಯದೆ ಮೊಣಕಾಲು ಬಿಗಿಯಿತು. ವ್ಯಾಯಾಮ ಹೇಳಿಕೊಡಲು ಬಂದ ಫಿಸಿಯೊಥೆರಪಿಸ್ಟ್ ಕೇಳಿದ ಮೊದಲ ಪ್ರಶ್ನೆ, "ಕಾಲಿಗೆ ಏನು ಹಾಕಿಕೊಂಡಿದ್ದರು?" ನಮ್ಮಲ್ಲಿ ಉತ್ತರವಿರಲಿಲ್ಲ.

ಹಿರಿಯರು ಮನೆಯೊಳಗೆ ಬೀಳುವುದರ ಬಗ್ಗೆ ಹೊರದೇಶಗಳಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. 2004ರಲ್ಲಿ ಅಮೆರಿಕದ ಹಿರಿಯರ ಕುರಿತೂ 2006ರಲ್ಲಿ ಆಸ್ಟ್ರೇಲಿಯದ ಹಿರಿಯರ ಕುರಿತೂ ಪ್ರಕಟವಾದ ಅಧ್ಯಯನಗಳು ಒಂದೇ ಕಡೆಗೆ ಬೆರಳು ತೋರುತ್ತವೆ. ಬರಿಗಾಲಲ್ಲಿ ಅಥವಾ ಬರಿಯ ಕಾಲುಚೀಲದಲ್ಲಿ ಓಡಾಡುವವರು ಸರಿಯಾದ ಪಾದರಕ್ಷೆ ತೊಟ್ಟವರಿಗಿಂತ ಹೆಚ್ಚಾಗಿ ಬೀಳುತ್ತಾರೆ. ಜೀವನಪೂರ್ತಿ ಬರಿಗಾಲಲ್ಲಿ ನಡೆದ ನಮ್ಮವರ ಪಾದಕ್ಕೆ ಅದರದೇ ಹಿಡಿತವಿದೆ, ನಿಜ. ಆದರೆ ಶಸ್ತ್ರಚಿಕಿತ್ಸೆಯ ಬಳಿಕ ಆ ಹಿಡಿತ ಮೊದಲಿನಂತಿರುವುದಿಲ್ಲ. ಸ್ನಾಯುಗಳು ಸೊರಗಿರುತ್ತವೆ, ಕಾಲು ಊದಿರುತ್ತದೆ, ನೋವಿನ ಮಾತ್ರೆಯಿಂದ ತಲೆ ತಿರುಗುವುದುಂಟು. ಸಕ್ಕರೆ ಕಾಯಿಲೆಯಿದ್ದವರಿಗೆ ಪಾದದ ಸ್ಪರ್ಶವೇ ಕಡಿಮೆಯಿರಬಹುದು.

ತಂಪಿನ ವಿಚಾರಕ್ಕೆ ಬರೋಣ. ನಮ್ಮ ಕಡೆ ಚಳಿಯೆಂದರೆ ಡಿಸೆಂಬರ್, ಜನವರಿಯ ಕೆಲವು ವಾರಗಳು ಮಾತ್ರ. ಸಮುದ್ರದಿಂದ ದೂರವಿರುವ ಕಲ್ಯಾಣ್, ಡೊಂಬಿವಲಿಗಳಲ್ಲಿ ಅದು ಮುಂಬಯಿಗಿಂತ ತುಸು ಹೆಚ್ಚು. ಹಾಗಿದ್ದರೂ ವರ್ಷವಿಡೀ ಟೈಲ್ಸ್ ತಣ್ಣಗೆನಿಸುವುದೇಕೆ? ನೆಲದ ಉಷ್ಣತೆ ಕೋಣೆಯ ಗಾಳಿಯ ಉಷ್ಣತೆಗಿಂತ ಹೆಚ್ಚು ಬೇರೆಯಲ್ಲ. ಕಲ್ಲು ಮತ್ತು ಟೈಲ್ಸ್ ಪಾದದ ಬಿಸಿಯನ್ನು ಮರ ಅಥವಾ ಬಟ್ಟೆಗಿಂತ ಬಹಳ ಬೇಗ ಎಳೆದುಕೊಳ್ಳುತ್ತವೆ. ಓಡಾಟವಿಲ್ಲದೆ ರಕ್ತಸಂಚಾರ ಮಂದವಾದ ಕಾಲಿಗೆ ಈ ನಷ್ಟ ಬೇಗ ತಿಳಿಯುತ್ತದೆ. ಮಳೆಗಾಲದಲ್ಲಿ ಇನ್ನೊಂದು ತೊಡಕು. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಒರೆಸಿದ ನೀರೂ ಗಾಳಿಯ ಪಸೆಯೂ ಮೇಲೆಯೇ ನಿಲ್ಲುತ್ತವೆ. ಪಾದಕ್ಕೆ ತಂಪು, ನಡಿಗೆಗೆ ಜಾರು, ಎರಡಕ್ಕೂ ಉತ್ತರ ಒಂದೇ ಪಾದರಕ್ಷೆಯಲ್ಲಿರಬೇಕು.

ಬೆಚ್ಚಗಿಡುವ ಆತುರದಲ್ಲಿ ನಾವು ಮಾಡುವ ತಪ್ಪು ಬರಿಯ ಕಾಲುಚೀಲ. ನಮ್ಮ ಮನೆಗಳಲ್ಲಿ ಬಾಣಂತಿಗೆ ಕಾಲುಚೀಲ ತೊಡಿಸುವುದು ಹಳೆಯ ರೂಢಿ. ಸಿಸೇರಿಯನ್ ಆದ ಮಗಳು ಆ ಕಾಲುಚೀಲದಲ್ಲಿ ಹಸುಗೂಸನ್ನೆತ್ತಿಕೊಂಡು ಟೈಲ್ಸಿನ ಮೇಲೆ ನಡೆಯುವಾಗ ಜಾರಿದರೆ ಅಪಾಯ ಇಬ್ಬರಿಗೆ. ರಕ್ತ ಹೆಪ್ಪುಗಟ್ಟದಿರಲೆಂದು ವೈದ್ಯರು ತೊಡಿಸುವ ಬಿಗಿಯಾದ ಉದ್ದನೆಯ ಕಾಲುಚೀಲವೂ ಹಾಗೆಯೇ ಜಾರುತ್ತದೆ. ಕಾಲುಚೀಲ ಬೇಡವೆಂದಲ್ಲ, ಅದರ ಮೇಲೆ ಪಾದರಕ್ಷೆ ಇರಲೇಬೇಕು. ಬಿಸಿನೀರಿನ ಚೀಲವನ್ನು ಪಾದಕ್ಕಿಡುವುದನ್ನೂ ಬಿಡಬೇಕು. ಸ್ಪರ್ಶ ಮಂದವಾದ ಪಾದ ಸುಟ್ಟರೂ ತಿಳಿಯುವುದಿಲ್ಲ. ತೆಳುವಾದ ಹತ್ತಿಯ ಕಾಲುಚೀಲ ಮತ್ತು ಮುಚ್ಚಿದ ಪಾದರಕ್ಷೆ ನಮ್ಮ ಹವೆಗೆ ಸಾಕು. ಆದರೆ ಒಂದು ಕಾಲು ಮಾತ್ರ ತಣ್ಣಗಾಗಿ ಬಣ್ಣಗೆಟ್ಟರೆ, ಅಥವಾ ಮೀನಖಂಡ ಊದಿ ನೋಯತೊಡಗಿದರೆ ಅದು ನೆಲದ ತಂಪಲ್ಲ. ಕೂಡಲೇ ವೈದ್ಯರಿಗೆ ತಿಳಿಸಬೇಕು.

ಹಾಗಾದರೆ ಎಂಥದನ್ನು ಆರಿಸಬೇಕು? ಮೊದಲನೆಯದಾಗಿ, ಹಿಮ್ಮಡಿಯನ್ನು ಹಿಡಿದಿಡುವಂಥದು. ಹವಾಯಿ ಚಪ್ಪಲಿ ಹಗುರ, ಅಗ್ಗ, ತೊಳೆಯಲು ಸುಲಭ. ಆದರೆ ಅದು ಜಾರದಂತೆ ಬೆರಳುಗಳನ್ನು ಬಿಗಿಹಿಡಿದು ಕಾಲೆಳೆಯುತ್ತ ನಡೆಯಬೇಕಾಗುತ್ತದೆ. ಹಾಗೆ ಎಳೆಯುವ ಕಾಲು ಕಾಲೊರೆಸುವ ಬಟ್ಟೆಯ ಅಂಚಿಗೋ, ಬಚ್ಚಲಿನ ಎತ್ತರದ ಹೊಸ್ತಿಲಿಗೋ ಎಡವುತ್ತದೆ. ಹಿಂಬದಿ ತೆರೆದ ಯಾವ ಚಪ್ಪಲಿಯೂ ಈ ದಿನಗಳಿಗೆ ತಕ್ಕುದಲ್ಲ.

ಎರಡನೆಯದಾಗಿ, ಅಡಿಭಾಗ. ಗೀರುಗಳಿರುವ ರಬ್ಬರಿನ ಅಡಿ ಉತ್ತಮ. ಅಂಗಡಿಯ ಟೈಲ್ಸಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಪಾದರಕ್ಷೆಯನ್ನು ಅಂಗೈಯಿಂದ ಒತ್ತಿ ಮುಂದಕ್ಕೆ ತಳ್ಳಿ ನೋಡಿದರೆ ಹಿಡಿತ ಕೈಗೇ ತಿಳಿಯುತ್ತದೆ. ಬಾಗಿಸಿದಾಗ ಅದು ಬೆರಳುಗಳ ಬುಡದಲ್ಲಿ ಮಾತ್ರ ಬಾಗಬೇಕು, ನಡುವೆ ಮಡಚಿಕೊಳ್ಳಬಾರದು. ಹಿಮ್ಮಡಿ ತಗ್ಗಾಗಿಯೂ ಅಗಲವಾಗಿಯೂ ಇರಬೇಕು.

ಮೂರನೆಯದಾಗಿ, ಮೆತ್ತಗಿರುವುದೆಲ್ಲ ಹಿತವೆಂದು ತಿಳಿಯಬಾರದು. ಸ್ಪಂಜಿನಂಥ ದಪ್ಪ ಅಡಿಯಲ್ಲಿ ಪಾದಕ್ಕೆ ನೆಲ ಎಲ್ಲಿದೆಯೆಂಬುದು ತಿಳಿಯದೆ ಸಮತೋಲ ತಪ್ಪುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡವರ ವಿಚಾರ ಬೇರೆ. ಅವರಿಗೆ ಒತ್ತಡದಿಂದ ಹುಣ್ಣಾಗುತ್ತದೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಪಾದದ ಹುಣ್ಣಿಗೆ ಕಾರಣ ನೋವರಿಯದ ಪಾದದ ಮೇಲೆ ಬೀಳುವ ಒತ್ತಡವೆಂದು ತೋರಿಸಿಕೊಟ್ಟರು. ಆ ತಿಳಿವಳಿಕೆಯಿಂದ ಬಳಕೆಗೆ ಬಂದ ಮೃದುವಾದ ಮೈಕ್ರೊಸೆಲ್ಯುಲರ್ ರಬ್ಬರಿನ ಚಪ್ಪಲಿಯನ್ನು ಇಂದು ಸಕ್ಕರೆ ಕಾಯಿಲೆಯವರೂ ತೊಡುತ್ತಾರೆ. ಎಂ.ಸಿ.ಆರ್. ಚಪ್ಪಲಿ ಎಂದರೆ ಸರ್ಜಿಕಲ್ ಸಾಮಾನಿನ ಅಂಗಡಿಯವರಿಗೆ ತಿಳಿಯುತ್ತದೆ. ಒಳಪದರ ಮೃದು, ಹೊರಗಿನ ಅಡಿ ಗಟ್ಟಿ, ಹಿಂದೆ ಪಟ್ಟಿ ಇರುವುದನ್ನೇ ಕೇಳಬೇಕು.

ನಾಲ್ಕನೆಯದಾಗಿ, ಬಗ್ಗದೆ ತೊಡುವಂತಿರಬೇಕು. ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಬಗ್ಗಬಾರದೆಂದು ವೈದ್ಯರು ಹೇಳುವುದುಂಟು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಬಗ್ಗಿದರೆ ನೋವು. ಕಣ್ಣಿನ ಪೊರೆ ತೆಗೆಸಿದವರಿಗೂ ಕೆಲ ದಿನ ತಲೆ ತಗ್ಗಿಸದಿರುವಂತೆ ಸಲಹೆಯಿರುತ್ತದೆ. ಆದ್ದರಿಂದ ದಾರ ಕಟ್ಟುವ ಬೂಟು ಬೇಡ. ಅಂಟುಪಟ್ಟಿಯ, ಅಂದರೆ ವೆಲ್ಕ್ರೊದ ಪಾದರಕ್ಷೆ ಕಾಲಿನ ಊತಕ್ಕೆ ತಕ್ಕಂತೆ ಸಡಿಲಿಸಲೂ ಬಿಗಿಯಲೂ ಬರುತ್ತದೆ. ಉದ್ದ ಹಿಡಿಯ ಶೂಹಾರ್ನ್ ಒಂದಿದ್ದರೆ ಕುರ್ಚಿಯಲ್ಲಿ ಕುಳಿತೇ ತೊಡಬಹುದು. ಪಾದಕ್ಕೇ ಶಸ್ತ್ರಚಿಕಿತ್ಸೆಯಾಗಿದ್ದರೆ ವೈದ್ಯರು ಕೊಟ್ಟ ವಿಶೇಷ ಪಾದರಕ್ಷೆಯನ್ನು ಬಿಟ್ಟು ಬೇರೊಂದನ್ನು ತೊಡಬಾರದು.

ರೋಗಿ ಅಂಗಡಿಗೆ ಹೋಗುವಂತಿಲ್ಲವಲ್ಲ, ಅಳತೆ ಹೇಗೆ? ಊತ ಹೆಚ್ಚಿರುವ ಸಂಜೆಯ ಹೊತ್ತಿನಲ್ಲಿ, ಎರಡೂ ಪಾದಗಳನ್ನು ದಪ್ಪ ಕಾಗದದ ಮೇಲಿಟ್ಟು ಗೆರೆ ಎಳೆದು ಕತ್ತರಿಸಿಕೊಳ್ಳಿ. ಡೊಂಬಿವಲಿಯ ಫಡ್ಕೆ ರಸ್ತೆಯಿರಲಿ, ಥಾಣೆಯ ಗೋಖಲೆ ರಸ್ತೆಯಿರಲಿ, ವಾಶಿಯ ಸೆಕ್ಟರ್ 17 ಇರಲಿ, ಅಂಗಡಿಯಲ್ಲಿ ಆ ಕಾಗದವನ್ನು ಪಾದರಕ್ಷೆಯೊಳಗೆ ಇಳಿಸಿ ನೋಡಿ. ಅಂಚು ಮುದುಡದೆ ಕುಳಿತು, ಮುಂದೆ ಹೆಬ್ಬೆರಳಗಲ ಜಾಗ ಉಳಿದರೆ ಅಳತೆ ಸರಿ. ಸಾಧ್ಯವಾದರೆ ಎರಡು ಜೊತೆ ಕೊಳ್ಳುವುದು ಲೇಸು. ಮಳೆಗಾಲದಲ್ಲಿ ಒಂದು ಒಣಗುವಾಗ ಇನ್ನೊಂದು ಬೇಕು. ಒಳಗೆ ತುಪ್ಪಳವಿರುವ ಚಪ್ಪಲಿ ನೋಡಲು ಬೆಚ್ಚಗೆ, ಆದರೆ ಜುಲೈ ತಿಂಗಳಲ್ಲಿ ಅದು ಒಣಗದೆ ಬೆರಳ ಸಂದಿಗೆ ಬೂಷ್ಟಿನ ಸೋಂಕು ತರುತ್ತದೆ. ಬಚ್ಚಲಿಗೆ ಬೇರೆಯೇ ರಬ್ಬರಿನ ಜೊತೆಯಿರಲಿ, ಅದಕ್ಕೂ ಹಿಂಬದಿಯ ಪಟ್ಟಿಯಿರಲಿ.

ಇಷ್ಟೆಲ್ಲ ತಿಳಿದು ನಾವು ಹೊಸ ಜೊತೆ ತಂದಾಗ ಎದುರಾದದ್ದು ಇನ್ನೊಂದು ತೊಡಕು. ಕುಂದಾಪುರದ ಕಡೆಯಿಂದ ಬಂದ ತಾಯಿಯವರು ಎಪ್ಪತ್ತು ವರ್ಷ ಅಡುಗೆಮನೆಗೆ ಚಪ್ಪಲಿ ಸೋಕಿಸಿದವರಲ್ಲ. "ಅನ್ನ ಬೇಯುವಲ್ಲಿಗೆ ಮೆಟ್ಟು ಹಾಕಿಕೊಂಡು ಹೋಗುವುದಾ ಮಗಾ? ಬಿದ್ದರೆ ಬೀಳುತ್ತೇನೆ" ಎಂದರು. ವಾದಿಸಿ ಗೆಲ್ಲುವ ಮಾತಲ್ಲವದು. ನಮ್ಮ ಮನೆಯಾಕೆ ಹೊಸ ಜೊತೆಯನ್ನು ತೊಳೆದು ಒರೆಸಿ ಅವರೆದುರಿಗಿಟ್ಟು ಹೇಳಿದಳು: "ಅತ್ತೆ, ಇದು ಹೊಸ್ತಿಲು ದಾಟಿದ್ದಲ್ಲ, ದಾಟುವುದೂ ಇಲ್ಲ. ಉಡುಪಿಯ ಮಠದಲ್ಲಿ ಸ್ವಾಮಿಗಳು ಮರದ ಪಾದುಕೆ ಮೆಟ್ಟಿ ಒಳಗೇ ನಡೆಯುವುದನ್ನು ನೀವೇ ಕಂಡಿದ್ದೀರಲ್ಲ." ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು ಕಾಲು ಮುಂದೆ ಚಾಚಿದರು. ದೇವರ ಕೋಣೆಯ ಬಾಗಿಲಿಗೆ ಮಾತ್ರ ಒಂದು ಕುರ್ಚಿ ಹಾಕಿದೆವು. ಅಲ್ಲಿ ಕುಳಿತು, ಪಾದರಕ್ಷೆ ಕಳಚಿ, ಕುಳಿತಲ್ಲಿಂದಲೇ ಕೈಮುಗಿಯುತ್ತಿದ್ದರು. ಆಚಾರವೂ ಉಳಿಯಿತು, ಮೊಣಕಾಲೂ ಉಳಿಯಿತು.

ಹಿರಿಯರು ಪಾದರಕ್ಷೆಯನ್ನು ಬೇಡವೆನ್ನುವುದು ಹಟದಿಂದಲ್ಲ, ಶುಚಿಯ ಮೇಲಿನ ಶ್ರದ್ಧೆಯಿಂದ. ಒಳಗಿನ ಜೊತೆ ಒಳಗೇ ಇರುತ್ತದೆಂಬ ಭರವಸೆಯನ್ನು ಮನೆಮಂದಿ ಕೊಟ್ಟು ಪಾಲಿಸಿದರೆ ಆ ಶ್ರದ್ಧೆಗೆ ಭಂಗವಿಲ್ಲ. ಜೊತೆಗೆ, ನೆಲ ಒರೆಸುವ ಹೊತ್ತಿಗೆ ರೋಗಿ ಮಂಚದಲ್ಲಿ ಅಥವಾ ಕುರ್ಚಿಯಲ್ಲಿರಲಿ, ಫ್ಯಾನ್ ಹಾಕಿ ನೆಲ ಒಣಗಿದ ಮೇಲೆಯೇ ಏಳಲಿ. ವಾಕರಿನ ಕಾಲುಗಳ ರಬ್ಬರು ಸವೆದಿದ್ದರೆ ಬದಲಾಯಿಸಿ. ರಾತ್ರಿ ಎದ್ದಾಗ ಕಾಲಿಗೆ ಸಿಗುವಂತೆ ಪಾದರಕ್ಷೆ ಮಂಚದ ಪಕ್ಕದಲ್ಲಿರಲಿ, ಕಾಣುವಂತೆ ಸಣ್ಣ ದೀಪವೂ ಇರಲಿ.

ನಮ್ಮ ಮನೆಯಲ್ಲಿ ಕೊನೆಗೆ ಈ ಪಾದರಕ್ಷೆಗೆ ತಗಲಿದ್ದು ಕೆಲವು ನೂರು ರೂಪಾಯಿ. ಶಸ್ತ್ರಚಿಕಿತ್ಸೆಗೆ ಲಕ್ಷಗಳನ್ನು ಹೊಂದಿಸಿದ ನಮಗೆ ಅದು ಹೊಳೆಯಲು ಒಂದು ಜಾರುವಿಕೆ ಬೇಕಾಯಿತು. ನಮ್ಮ ಬಂಧುಗಳಿಗೆ ಹಾಗಾಗದಿರಲಿ. ಮುಂದೆಂದಾದರೂ ಮನೆಯವರೊಬ್ಬರ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯ ಚೀಲ ಕಟ್ಟುವಾಗ ವಿಮೆಯ ಕಾಗದದೊಡನೆ, ಅವರ ಕಾಲಿನ ಅಳತೆಗೆ ಒದಗುವ ಒಂದು ಜೊತೆ ಪಾದರಕ್ಷೆಯೂ ಇರಲಿ.