ದುಬೈ ಪೇಟೆಯಲ್ಲಿ ಹೋಟೆಲಿನವರ ಕಣ್ಣು

ಮುಂಬಯಿಯಿಂದ ವಿಮಾನ ಏರಿದರೆ ಸುಮಾರು ಮೂರು ಗಂಟೆಯಲ್ಲಿ ದುಬೈ. 2024ರ ಡಿಸೆಂಬರಿನಲ್ಲಿ ನಮ್ಮ ಸಂಘದ ಕೆಲವು ಸದಸ್ಯರು ಕುಟುಂಬ ಸಮೇತರಾಗಿ ಐದು ದಿನಗಳ ಪ್ರವಾಸ ಕೈಗೊಂಡಿದ್ದೆವು. ವರ್ಷವಿಡೀ ಗಲ್ಲಾ, ಗ್ಯಾಸ್ ಸಿಲಿಂಡರು, ಕೆಲಸಗಾರರ ಚಿಂತೆಯಲ್ಲಿರುವ ನಮಗೆ ಇಂತಹ ಬಿಡುವು ಅಪರೂಪ. ಆದರೂ ಹೋಟೆಲಿನವರ ಕಣ್ಣು ಹೋದಲ್ಲೆಲ್ಲ ದಿನಸಿ ಅಂಗಡಿಯನ್ನೇ ಹುಡುಕುತ್ತದೆ!

ಗಗನಚುಂಬಿ ನಗರ

ಮೊದಲ ದಿನ ಬುರ್ಜ್ ಖಲೀಫಾ. 828 ಮೀಟರ್ ಎತ್ತರದ ಈ ಕಟ್ಟಡ 2010ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. 124ನೇ ಮಹಡಿಯಿಂದ ಕೆಳಗೆ ನೋಡಿದರೆ ಎಂಟು ಸಾಲಿನ ರಸ್ತೆಗಳೂ ದಾರದಂತೆ ಕಾಣುತ್ತವೆ. ಸೂರ್ಯಾಸ್ತದ ಹೊತ್ತಿಗೆ ಟಿಕೆಟ್ ದರ ಹೆಚ್ಚು. ಬೆಳಿಗ್ಗೆ ಹೋದರೆ ಉಳಿತಾಯ. ಊರು ಸುತ್ತಲು 2009ರಲ್ಲಿ ಆರಂಭವಾದ ಮೆಟ್ರೋ ಅನುಕೂಲ. ಚಾಲಕನಿಲ್ಲದ ಗಾಡಿ! ಆದರೆ ಒಳಗೆ ತಿಂಡಿಯ ಪೊಟ್ಟಣ ಬಿಚ್ಚುವಂತಿಲ್ಲ, ದಂಡ 100 ದಿರ್ಹಮ್.

ಒಂದು ದಿರ್ಹಮ್ ದೋಣಿ

ನಮಗೆ ಹೆಚ್ಚು ಹಿಡಿಸಿದ್ದು ಹಳೆಯ ದುಬೈ. ಮುಂಬಯಿಯವರು ಖಾಡಿ ಎನ್ನುವಂತಹ ಹಿನ್ನೀರಿನ ಆಚೆಗೊಂದು ದಡ ದೇರಾ, ಈಚೆಗೊಂದು ದಡ ಬರ್ ದುಬೈ. ನಡುವೆ 'ಅಬ್ರಾ' ಎಂಬ ಮರದ ದೋಣಿ. ತಲೆಗೆ ಒಂದೇ ದಿರ್ಹಮ್. ಇಲ್ಲಿ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದಕ್ಕೂ ಮೊದಲೇ, 1960ರ ಸುಮಾರಿಗೆ ಈ ಖಾಡಿಯ ಹೂಳು ತೆಗೆಸಿ ದೊಡ್ಡ ಹಡಗುಗಳಿಗೆ ದಾರಿ ಮಾಡಿದ್ದರು. ವ್ಯಾಪಾರವೇ ಈ ಊರಿನ ಮೂಲ ಬಂಡವಾಳ.

ಮಸಾಲೆ ಪೇಟೆ

ದೇರಾ ದಡದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಮಸಾಲೆ ಪೇಟೆ. ಏಲಕ್ಕಿ, ದಾಲ್ಚಿನ್ನಿ, ಒಣಗಿಸಿದ ಕಪ್ಪು ನಿಂಬೆ, ಗುಲಾಬಿ ಮೊಗ್ಗು ಚೀಲಗಟ್ಟಲೆ. ಹಿಂದಿ ಎಲ್ಲರಿಗೂ ಬರುತ್ತದೆ. ಏಲಕ್ಕಿಯ ತವರು ನಮ್ಮ ಪಶ್ಚಿಮ ಘಟ್ಟ. ಆದರೆ ಅರಬರ ಕಾಫಿಗೆ ಬೀಳುವ ಏಲಕ್ಕಿಯಲ್ಲಿ ದೊಡ್ಡ ಪಾಲು ಈಗ ಗ್ವಾಟೆಮಾಲಾದ್ದು. ಆದ್ದರಿಂದ ದರ ಕೇಳುವ ಮೊದಲು ಮಾಲು ಯಾವ ದೇಶದ್ದೆಂದು ಕೇಳಬೇಕು.

ಎಲ್ಲರೂ ಮುಗಿಬೀಳುವುದು ಇರಾನಿ ಕೇಸರಿಗೆ. ಪೂರ್ತಿ ಕೆಂಪು ಎಸಳಿನ 'ಸರ್ಗೋಲ್', 'ನೆಗಿನ್' ದುಬಾರಿ. ಬುಡದಲ್ಲಿ ಹಳದಿ ಉಳಿದ 'ಪುಷಾಲ್' ಅಗ್ಗ. ಒಂದೆರಡು ಎಸಳನ್ನು ಬೆಚ್ಚಗಿನ ನೀರಿಗೆ ಹಾಕಿಸಿ. ಅಸಲಿಯಾದರೆ ನಿಧಾನವಾಗಿ ಹೊಂಬಣ್ಣ ಬಿಡುತ್ತದೆ, ಎಸಳು ಕೆಂಪಾಗಿಯೇ ಉಳಿಯುತ್ತದೆ. ನೀರು ಕ್ಷಣದಲ್ಲೇ ಕೆಂಪಾಗಿ ಎಸಳು ಬಿಳಿಚಿದರೆ ಬಣ್ಣ ಹಚ್ಚಿದ ಮಾಲು. ಬಿಸಿಲಿಗಿಟ್ಟ ಗಾಜಿನ ಭರಣಿಯದ್ದು ಬೇಡ. ಹೇಳಿದ ದರ ಗ್ರಾಮಿಗೋ, ಡಬ್ಬಿಗೋ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ನಾಲ್ಕು ಅಂಗಡಿ ನೋಡಿದ ಮೇಲೆ ನಮಗೆ ದರ ಅರ್ಧಕ್ಕಿಳಿಯಿತು!

ಒಂದು ಮಾತು. ಬ್ಯಾಗಿನಲ್ಲಿ ತರುವ ಸಾಮಾನು ಮನೆ ಬಳಕೆಗೆ ಮಾತ್ರ. ಹೋಟೆಲಿಗೆಂದು ಕಿಲೋಗಟ್ಟಲೆ ತಂದರೆ ಕಸ್ಟಮ್ಸಿನಲ್ಲಿ ತೊಂದರೆ. ಅಲ್ಲಿ ಕಲಿತ ಪರೀಕ್ಷೆಯನ್ನು ಇಲ್ಲಿನ ಸಪ್ಲೈಯರ್ ಮುಂದೆ ಮಾಡಿ ನೋಡುವುದೇ ನಿಜವಾದ ಲಾಭ. ನಕಲಿ ಕೇಸರಿ ಕೇಸರಿಬಾತಿಗೆ ಬಿದ್ದರೆ ಹಾಳಾಗುವುದು ನಮ್ಮ ಬೋರ್ಡಿನ ಹೆಸರು.

ಚಿನ್ನ, ಖರ್ಜೂರ

ಪಕ್ಕದಲ್ಲೇ ಚಿನ್ನದ ಪೇಟೆ. ಮನೆಯವರನ್ನು ಅಲ್ಲಿಂದ ಹೊರಡಿಸುವುದೇ ದೊಡ್ಡ ಸಾಹಸ! ಚಿನ್ನದ ದಿನದ ದರ ಬೋರ್ಡಿನಲ್ಲಿರುತ್ತದೆ. ಚೌಕಾಸಿ ಮಾಡಬೇಕಾದ್ದು ಮಜೂರಿಯಲ್ಲಿ. ಸುಂಕವಿಲ್ಲದೆ ಆಭರಣ ತರುವ ರಿಯಾಯಿತಿ ಒಂದು ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿದ್ದವರಿಗೆ, ನಮ್ಮಂತಹ ಐದು ದಿನದ ಅತಿಥಿಗಳಿಗಲ್ಲ.

ಖರ್ಜೂರಕ್ಕೆ 2017ರಲ್ಲಿ ಶುರುವಾದ ವಾಟರ್‌ಫ್ರಂಟ್ ಮಾರ್ಕೆಟ್ ಒಳ್ಳೆಯದು. ಮೀನು, ತರಕಾರಿ, ಹಣ್ಣು ಎಲ್ಲ ಒಂದೇ ಹವಾನಿಯಂತ್ರಿತ ಸೂರಿನಡಿ; ನಾವು ನೋಡಿದಾಗ ನೆಲ ಒಣಗಿತ್ತು, ನೊಣವಿರಲಿಲ್ಲ. ನಮ್ಮ ಮಂಡಿಗಳಲ್ಲೂ ಹೀಗಾದರೆ ಎಂದು ಎಲ್ಲರ ಬಾಯಲ್ಲೂ ಬಂತು.

ಹೊರಡುವವರ ಗಮನಕ್ಕೆ

• ಗಸಗಸೆ ಅಲ್ಲಿ ನಿಷಿದ್ಧ. ಮಸಾಲೆ ಪುಡಿಯಲ್ಲಿದ್ದರೂ ಒಯ್ಯಬೇಡಿ.
• 2018ರಿಂದ ಶೇ. 5 ವ್ಯಾಟ್ ಇದೆ. ಪ್ರವಾಸಿಗರಿಗೆ ಮರುಪಾವತಿ ನೀಡುವ ಅಂಗಡಿಗಳಲ್ಲಿ ಪಾಸ್‌ಪೋರ್ಟ್ ತೋರಿಸಿ ಬಿಲ್ ಪಡೆಯಿರಿ.
• ನವೆಂಬರಿನಿಂದ ಮಾರ್ಚ್‌ವರೆಗೆ ಹವೆ ಹಿತ.
• ಊಟದ ಚಿಂತೆ ಬೇಡ. ಕರಾಮಾದಲ್ಲಿ ಇಡ್ಲಿ, ದೋಸೆ, ಫಿಲ್ಟರ್ ಕಾಫಿ ಧಾರಾಳ.