ತಾಳಿ ಕಟ್ಟಿದ ಮೇಲೆ ಶುರುವಾಗುವ ಕಥೆ

ನನಗೀಗ 56. ಪ್ರೇಮ ಕಾದಂಬರಿ ಓದುತ್ತೇನೆ. ಹೈಸ್ಕೂಲಿನಲ್ಲಿ ಹತ್ತಿದ ಹುಚ್ಚು, ಮಗಳ ಮದುವೆಯಾಗಿ ಮೂರು ವರ್ಷವಾದರೂ ಬಿಟ್ಟಿಲ್ಲ. ಮನೆಗೆ ಬಂದವರು ಟೀಪಾಯಿ ಮೇಲಿನ ಪುಸ್ತಕ ತಿರುಗಿಸಿ ನೋಡಿ, ‘ಅಯ್ಯೋ, ಇನ್ನೂ ಇವನ್ನೆಲ್ಲ ಓದ್ತೀರಾ?’ ಅಂತ ನಗುತ್ತಾರೆ. ಅದೇ ಮುಖಪುಟದ ಮೇಲೆ ಕೋಟೆ, ಕುದುರೆ, ಕತ್ತಿ ಇದ್ದರೆ ನಗುವುದಿಲ್ಲ. ‘ಓಹೋ, ಚಾರಿತ್ರಿಕ ಕಾದಂಬರಿ’ ಅನ್ನುತ್ತಾರೆ. ಎಷ್ಟೋ ಸಲ ಎರಡರ ಒಳಗಿರುವುದೂ ಒಂದೇ. ಒಬ್ಬಳು ಒಬ್ಬನನ್ನು ಇಷ್ಟಪಟ್ಟಳು, ಮುಂದೇನಾಯಿತು ಅನ್ನೋದು.

ನನ್ನ ಕಪಾಟಿನಲ್ಲಿ ಎರಡೂ ಇವೆ. ಮೇಲಿನ ಹಲಗೆಯಲ್ಲಿ ರಾಣಿಯರು, ಕೆಳಗಿನದರಲ್ಲಿ ಪಕ್ಕದ ಮನೆ ಹುಡುಗಿಯರು. ಮೇಲಿನವಕ್ಕೆ ಮೊದಲಿನಿಂದಲೂ ಮರ್ಯಾದೆ ಇತ್ತು. ‘ಶಾಂತಲಾ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು, ಸ್ವತಃ ದೇಹದಾರ್ಢ್ಯಪಟು. ಅಂಥ ಕಟ್ಟುಮಸ್ತಾದ ಮನುಷ್ಯ ಕೂತು ಒಬ್ಬ ರಾಣಿಯ ಪ್ರೇಮದ ಕಥೆ ಬರೆದರೆ ಅದು ಸಾಹಿತ್ಯ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಸಾಯಿಸುತೆ ಬರೆದರೆ ‘ಅಡುಗೆಮನೆ ಸಾಹಿತ್ಯ’. ಈ ಮಾತನ್ನು ಹುಟ್ಟುಹಾಕಿದವರು ಎಷ್ಟು ದಿನ ಅಡುಗೆಮನೆಯಲ್ಲಿ ನಿಂತಿದ್ದರೋ ಕಾಣೆ. ಅಲ್ಲಿ ನಡೆಯುವಷ್ಟು ಕಥೆ ಎಷ್ಟೋ ಅರಮನೆಗಳಲ್ಲಿ ನಡೆದಿರಲಿಕ್ಕಿಲ್ಲ.

ನಮ್ಮೂರಲ್ಲಿ, ಅಂದರೆ ಹಾಸನದ ಕಡೆ, ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಸರ್ಕ್ಯುಲೇಟಿಂಗ್ ಲೈಬ್ರರಿ ಅಂತ ಬೋರ್ಡು. ದಿನಕ್ಕೆ ನಾಲ್ಕಾಣೆ. ಎರಡು ದಿನದಲ್ಲಿ ಮುಗಿಸಿದರೆ ಎಂಟಾಣೆ, ಆದ್ದರಿಂದ ಒಂದೇ ರಾತ್ರಿ ಮುಗಿಸುತ್ತಿದ್ದೆವು. ಆ ಪುಸ್ತಕಗಳ ಅಂಚಿನಲ್ಲಿ ನಮಗಿಂತ ಮೊದಲು ಓದಿದವರು ಪೆನ್ಸಿಲ್ಲಿನಲ್ಲಿ ಏನೇನೋ ಬರೆದಿರುತ್ತಿದ್ದರು. ‘ಇವನನ್ನು ನಂಬಬೇಡ’, ‘ಪಾಪ’, ‘ಇಂಥ ಅತ್ತೆ ನಮ್ಮನೇಲೂ ಇದ್ದಾರೆ’. ಯಾವ ಬೀದಿಯ ಯಾವ ಹೆಂಗಸು ಬರೆದದ್ದೋ ಗೊತ್ತಾಗುತ್ತಿರಲಿಲ್ಲ. ಕಾದಂಬರಿಯ ಜೊತೆಗೆ ಊರಿನ ಹೆಂಗಸರ ಮನಸ್ಸನ್ನೂ ಅದೇ ನಾಲ್ಕಾಣೆಗೆ ಓದುತ್ತಿದ್ದೆವು.

ಕಾಲೇಜಿಗೆ ಬಂದಾಗ ಗೆಳತಿಯರು ಮಿಲ್ಸ್ ಅಂಡ್ ಬೂನ್ ಕೊಟ್ಟರು. ಒಂದಷ್ಟು ಓದಿದೆ, ಚೆನ್ನಾಗಿಯೇ ಇದ್ದವು. ಆದರೆ ಅವು ಮುಗಿಯುವ ಜಾಗದಲ್ಲಿ ನಮ್ಮವು ಶುರುವಾಗುತ್ತವೆ. ಅಲ್ಲಿ ಅವನು ಮದುವೆಯ ಮಾತೆತ್ತಿ ಅವಳು ಹೂಂ ಅಂದರೆ ಕಥೆ ಮುಗಿಯಿತು. ನಮ್ಮಲ್ಲಿ ತಾಳಿ ಮೊದಲು, ಪ್ರೀತಿ ಆಮೇಲೆ. ಬರುತ್ತದೋ ಇಲ್ಲವೋ ಅನ್ನುವುದೇ ಕಾದಂಬರಿ. ವಾಣಿಯವರ ‘ಎರಡು ಕನಸು’ ನೆನಪಿದೆಯಲ್ಲ? 1974ರಲ್ಲಿ ಸಿನಿಮಾ ಆಯಿತು, ರಾಜ್‌ಕುಮಾರ್, ಕಲ್ಪನಾ, ಮಂಜುಳಾ. ಪ್ರೀತಿಸಿದ ಲಲಿತೆ ಕೈತಪ್ಪಿದಳು, ಮನೆಯವರ ಒತ್ತಾಯಕ್ಕೆ ಗೌರಿಯನ್ನು ಮದುವೆಯಾದ. ಒಂದೇ ಮನೆ, ಒಂದೇ ಕೋಣೆ, ಆದರೆ ಅವಳ ಕಡೆ ತಿರುಗಿಯೂ ನೋಡದ ಗಂಡ. ಗೌರಿ ತಪ್ಪೇನು ಮಾಡಿದ್ದಾಳೆ? ಏನೂ ಇಲ್ಲ. ಆ ಮನೆಗೆ ಬಂದಿದ್ದಾಳೆ, ಅಷ್ಟೆ.

ಇದನ್ನು ಓದುವಾಗ ‘ಇವರಿಬ್ಬರೂ ಒಂದಾಗುತ್ತಾರಾ’ ಅನ್ನುವ ಕುತೂಹಲ ಮದುವೆಗೆ ಮುಂಚಿನದಲ್ಲ, ಮದುವೆಯಾದ ಮೇಲಿನದು. ನನ್ನ ಪ್ರಕಾರ ಕನ್ನಡದ ಪ್ರೇಮ ಕಾದಂಬರಿಯ ನಿಜವಾದ ರುಚಿ ಇರುವುದು ಇಲ್ಲೇ. ಹುಡುಗ ಹುಡುಗಿ ಮರ ಸುತ್ತುವುದು ಸಿನಿಮಾದವರು ಸೇರಿಸಿದ್ದು. ಪುಸ್ತಕಗಳಲ್ಲಿ ಕಾಫಿ ಲೋಟ ಟೇಬಲ್ ಮೇಲಿಟ್ಟು ಹೋಗುವುದು, ಅದು ಆರಿ ತಣ್ಣಗಾಗುವುದು, ಒಂದು ದಿನ ಅವನು ಲೋಟ ಖಾಲಿ ಮಾಡಿರುವುದು, ಇಷ್ಟರಲ್ಲೇ ಎದೆ ಹೊಡೆದುಕೊಳ್ಳುತ್ತದೆ.

ಮೂರು ವರ್ಷದಿಂದ ನಾನು ಇವನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೇನೆ. ಅತ್ತೆಗೆ 81. ಕಣ್ಣಿನ ಒಳಪದರ ಸವೆದಿದೆ, ಆಪರೇಷನ್ ಮಾಡಿದರೂ ಬರುವಂಥದ್ದಲ್ಲ ಅಂದರು ಡಾಕ್ಟರು. ನಡೆದಾಡಲು ತೊಂದರೆಯಿಲ್ಲ, ಆದರೆ ನೇರ ನೋಡಿದ ಜಾಗವೇ ಕಾಣಿಸುವುದಿಲ್ಲ. ಅಕ್ಷರ ಹೋಯಿತು. ವಾರಪತ್ರಿಕೆಯ ಧಾರಾವಾಹಿಯನ್ನು ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು ಪುಸ್ತಕ ಮಾಡಿ ಇಟ್ಟುಕೊಂಡಿದ್ದ ಹೆಂಗಸು ಅವರು. ಟಿವಿ ಹಾಕಿಕೊಟ್ಟರೆ ‘ಒಂದೇ ಮಾತನ್ನ ಮೂರು ಸಲ ಹೇಳ್ತಾರೆ’ ಅಂತ ಎದ್ದು ಹೋಗುತ್ತಿದ್ದರು. ಹೀಗೆ ಊಟ ಆಗಿ ಪಾತ್ರೆ ಮುಗಿದ ಮೇಲೆ, ಮೂರರಿಂದ ಕಾಫಿ ಹೊತ್ತಿನವರೆಗೆ, ನಮ್ಮ ಓದು ಶುರುವಾಯಿತು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಹಾಗಂತ ಮಾತೂ ಇರಲಿಲ್ಲ. ಸಾರಿಗೆ ಉಪ್ಪು, ಹಾಲಿನವನ ಲೆಕ್ಕ, ಯಾರ ಮನೆಯ ಮುಂಜಿ, ಇದರಲ್ಲೇ ಮೂವತ್ತು ವರ್ಷ ಕಳೆದಿದ್ದೆವು.

‘ಎರಡು ಕನಸು’ ಅರ್ಧ ದಾಟಿದ್ದೆವು. ಒಂದು ಮಧ್ಯಾಹ್ನ ಅತ್ತೆ ‘ನಿಲ್ಸು ಸ್ವಲ್ಪ’ ಅಂದರು. ನೀರು ಬೇಕೇನೋ ಅಂದುಕೊಂಡೆ.

‘ನಿಮ್ಮ ಮಾವನೋರಿಗೂ ಮೊದ್ಲೇ ಒಬ್ಬಳನ್ನ ಗೊತ್ತು ಮಾಡಿದ್ರು. ಸೋದರಮಾವನ ಮಗಳು. ಜಮೀನು ವಿಷಯಕ್ಕೆ ಮುರಿದುಬಿತ್ತು. ಆಮೇಲೆ ನನ್ನ ನೋಡೋಕೆ ಬಂದ್ರು. ಆರು ವರ್ಷ ನನ್ನ ಹೆಸರು ಹಿಡಿದು ಕರೆದೋರಲ್ಲ.’

ನಾನು ಸುಮ್ಮನಿದ್ದೆ. ‘ಆಮೇಲೆ?’ ಅಂತ ಕೇಳಿದ್ದು ಸ್ವಲ್ಪ ಹೊತ್ತಾದ ಮೇಲೆ.

‘ಆಮೇಲೇನು. ನಂಗೆ ಟೈಫಾಯ್ಡ್ ಬಂತು. ಅಮ್ಮನ ಮನೆಗೆ ಕಳಿಸಿ ಅಂದ್ರು ಎಲ್ರೂ. ಇವರು ಕಳಿಸ್ಲಿಲ್ಲ. ಇಪ್ಪತ್ತೊಂದು ದಿನ ಗಂಜಿ ತಾವೇ ಕಾಯಿಸಿ ಕೊಟ್ರು. ಓದು ಮುಂದಕ್ಕೆ.’

ಮುಂದಕ್ಕೆ ಓದಿದೆ. ದನಿ ಸರಿಯಾಗಿ ಹೊರಡಲಿಲ್ಲ. ಮಾವನವರು ತೀರಿಕೊಂಡು ಹನ್ನೆರಡು ವರ್ಷ, ಅವರ ಮಗನಿಗೇ ಈ ವಿಷಯ ಗೊತ್ತಿರಲಿಲ್ಲ. ಇದನ್ನು ಬರೆಯಲಾ ಅಂತ ಅತ್ತೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ‘ಹೆಸರು ಹಾಕ್ಬೇಡ, ಮಿಕ್ಕಿದ್ದು ಏನು ಬೇಕಾದ್ರೂ ಹಾಕ್ಕೊ’ ಅಂದಿದ್ದಾರೆ.

ಅಂದಮಾತ್ರಕ್ಕೆ ಇವೆಲ್ಲ ಶ್ರೇಷ್ಠ ಕೃತಿಗಳು ಅಂತ ನಾನು ವಾದಿಸುವುದಿಲ್ಲ. ಎಷ್ಟೋ ಕಾದಂಬರಿಗಳಲ್ಲಿ ನಾಯಕ ಡಾಕ್ಟರೋ ಎಸ್ಟೇಟ್ ಮಾಲೀಕನೋ ಆಗಿರಲೇಬೇಕು, ನಾಯಕಿ ಬೆಳ್ಳಗಿರಲೇಬೇಕು, ಬಡವಳಾದರೂ ವೀಣೆ ಬರಬೇಕು. ಇನ್ನೊಂದು ವಿಚಿತ್ರ ನೋಡಿ, ನಮ್ಮ ಕಥೆಗಳ ಗಂಡಸರಿಗೆ ಬುದ್ಧಿ ಬರಬೇಕಾದರೆ ಕೈಯೋ ಕಾಲೋ ಮುರಿಯಬೇಕು. ‘ಎರಡು ಕನಸು’ ಸಿನಿಮಾದ ಕೊನೆಗೂ ಅಪಘಾತವೇ. ಗಂಡನಿಗೆ ಪ್ರಜ್ಞೆ ಬಂದಾಗ ಹೆಂಡತಿಯ ಬೆಲೆಯೂ ಗೊತ್ತಾಗಿರುತ್ತದೆ, ಅವಳು ಅಷ್ಟು ವರ್ಷದ್ದನ್ನೂ ಒಂದು ಕಣ್ಣೀರಿನಲ್ಲಿ ಮನ್ನಿಸಿಬಿಡುತ್ತಾಳೆ. ಇಲ್ಲಿ ನನಗೆ ಸಿಟ್ಟು ಬರುತ್ತದೆ. ಆರು ವರ್ಷಕ್ಕೆ ಇಪ್ಪತ್ತೊಂದು ದಿನದ ಗಂಜಿ ಸಮವಾಯಿತಾ ಅಂತ ಅತ್ತೆಯನ್ನೂ ಕೇಳಬೇಕು ಅನ್ನಿಸಿತ್ತು. ಕೇಳಲಿಲ್ಲ. ಅದು ಅವರ ಲೆಕ್ಕ.

ಈ ಕಾರಣಕ್ಕೇ ನನಗೆ ತ್ರಿವೇಣಿ ಅಂದರೆ ಪ್ರಾಣ. ನಿಜನಾಮ ಅನಸೂಯಾ ಶಂಕರ್, ಮೈಸೂರಿನವರು, ಮನಃಶಾಸ್ತ್ರ ಓದಿಕೊಂಡವರು. 1928ರಲ್ಲಿ ಹುಟ್ಟಿ 1963ರಲ್ಲಿ ಹೋಗಿಬಿಟ್ಟರು, 35 ಕೂಡ ತುಂಬಿರಲಿಲ್ಲ. ಅವರ ‘ಬೆಳ್ಳಿಮೋಡ’ದಲ್ಲೂ ಎಸ್ಟೇಟ್ ಇದೆ, ಚಂದದ ಹುಡುಗಿ ಇಂದಿರೆ ಇದ್ದಾಳೆ, ಅವಳ ಅಪ್ಪನ ದುಡ್ಡಿನಲ್ಲಿ ವಿದೇಶಕ್ಕೆ ಹೋಗಿ ಓದಿ ಬರುವ ಮೋಹನ ಇದ್ದಾನೆ. ಅಷ್ಟರಲ್ಲಿ ಇಂದಿರೆಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಅವಳಿಗಲ್ಲ ಅಂತ ಗೊತ್ತಾದ ಕೂಡಲೇ ಮೋಹನನ ಪ್ರೀತಿ ಆವಿಯಾಗುತ್ತದೆ. ಆಮೇಲೆ ಇಲ್ಲೂ ಅವನು ಬಿದ್ದು ಕಾಲಿಗೆ ಪೆಟ್ಟಾಗುತ್ತದೆ, ಇಂದಿರೆ ಆರೈಕೆ ಮಾಡುತ್ತಾಳೆ, ಅವನಿಗೆ ಪಶ್ಚಾತ್ತಾಪವಾಗುತ್ತದೆ. ಸಾಮಾನ್ಯ ಕಾದಂಬರಿಯಾದರೆ ಇಲ್ಲಿ ಓಲಗ ಊದಬೇಕು. ಇಂದಿರೆ ಬೇಡ ಅನ್ನುತ್ತಾಳೆ. ಸಿಟ್ಟಿನಿಂದಲ್ಲ, ಸೇಡಿಗೂ ಅಲ್ಲ. ಅವನ ಮೇಲಿದ್ದದ್ದು ಈಗ ಉಳಿದಿಲ್ಲ, ಅಷ್ಟೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದಾಗಲೂ ಆ ‘ಬೇಡ’ವನ್ನು ಹಾಗೇ ಉಳಿಸಿಕೊಂಡರು. ಗಟ್ಟಿಯಾಗಿ ಓದಿ ಮುಗಿಸಿದ ದಿನ ಅತ್ತೆ ತುಂಬ ಹೊತ್ತು ಏನೂ ಅನ್ನಲಿಲ್ಲ. ಕಾಫಿಗೆ ಇಟ್ಟಾಗ ಒಳಗಿಂದ ಕೇಳಿಸಿತು, ‘ಒಳ್ಳೇದೇ ಮಾಡಿದ್ಲು ಬಿಡು.’

ಇನ್ನು ಮೇಲಿನ ಹಲಗೆಯ ವಿಷಯ. ಚಾರಿತ್ರಿಕ ಕಾದಂಬರಿಯ ಸುಖ ಬೇರೆ ಥರ. ಕೊನೆ ಏನು ಅಂತ ಮೊದಲೇ ಗೊತ್ತು. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕೈಗೆತ್ತಿಕೊಂಡರೆ 1779ರಲ್ಲಿ ಹೈದರಾಲಿಗೆ ಚಿತ್ರದುರ್ಗ ಬಿತ್ತು ಅನ್ನುವುದನ್ನು ಶಾಲೆಯಲ್ಲೇ ಓದಿರುತ್ತೇವೆ. ಆದರೂ ಪುಟ ತಿರುಗಿಸುವಾಗ ಈ ಸಲ ಬೀಳದೇ ಇರಬಹುದು ಅನ್ನಿಸುತ್ತದೆ.

ಶಾಂತಲೆಯ ಕಥೆಯಂತೂ ನಮ್ಮ ಜಿಲ್ಲೆಯದ್ದೇ. ಕೆ.ವಿ. ಅಯ್ಯರ್ ಬರೆದರು, ಆಮೇಲೆ ಸಿ.ಕೆ. ನಾಗರಾಜರಾವ್ ಶಾಸನಗಳ ಬೆನ್ನುಹತ್ತಿ ‘ಪಟ್ಟಮಹಾದೇವಿ ಶಾಂತಲದೇವಿ’ ಅಂತ ಹಲವು ಭಾಗಗಳಲ್ಲಿ ಬರೆದರು, ಅದಕ್ಕೆ 1983ರ ಮೂರ್ತಿದೇವಿ ಪ್ರಶಸ್ತಿ ಬಂತು. ಬೇಲೂರಿನ ದೇವಸ್ಥಾನ 1117ರದ್ದು. ಕನ್ನಡಿ ಹಿಡಿದ ಸುಂದರಿಯ ಮುಂದೆ ಗೈಡುಗಳು ‘ಇವಳೇ ಶಾಂತಲೆ’ ಅಂತ ಹೇಳುವುದನ್ನು ಕೇಳಿಕೊಂಡೇ ಬೆಳೆದವರು ನಾವು. ಗಂಡ ವೈಷ್ಣವ, ಅವಳು ಜೈನಳು, ಅಪ್ಪ ಮಾರಸಿಂಗಯ್ಯ ಶೈವ. ಈಗಿನ ಕಾಲದಲ್ಲಿ ಇಂಥ ಮನೆ ನಡೆಸಿ ನೋಡಲಿ ಯಾರಾದರೂ! ವಿಷ್ಣುವರ್ಧನನ ನಂತರ ಪಟ್ಟಕ್ಕೆ ಬಂದ ನರಸಿಂಹ ಶಾಂತಲೆಯ ಮಗನಲ್ಲ, ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ. ಜನರ ಬಾಯಲ್ಲಿರುವ ಕಥೆಯೆಲ್ಲ ಹುಟ್ಟಿಕೊಂಡದ್ದು ಈ ಒಂದು ಸಂಗತಿಯ ಸುತ್ತ. ಮಕ್ಕಳಿಲ್ಲದ ಶಾಂತಲೆ, ಗಂಡನನ್ನು ಬಿಟ್ಟುಕೊಟ್ಟ ಶಾಂತಲೆ, ಶಿವಗಂಗೆಯ ಬೆಟ್ಟದಿಂದ ಧುಮುಕಿದ ಶಾಂತಲೆ. ಪಕ್ಕದ ಮನೆ ಹುಡುಗಿಯರಿಗೂ ನಾವು ಕಲಿಸಿದ್ದು ಇದನ್ನೇ ಅಲ್ಲವಾ, ಬಿಟ್ಟುಕೊಡೋದನ್ನ?

ಹೋದ ವರ್ಷ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಎಲ್ಲರೂ ದೊಡ್ಡಬೆಟ್ಟ ಹತ್ತಿ ಗೊಮ್ಮಟನ್ನ ನೋಡಿ ಇಳಿದುಬಿಡುತ್ತಾರೆ, ನಾನು ಎದುರಿನ ಚಿಕ್ಕಬೆಟ್ಟಕ್ಕೂ ಹೋದೆ. ಅಲ್ಲಿ ಶಾಂತಲೆ ಕಟ್ಟಿಸಿದ ಬಸದಿ ಇದೆ, 1123ರದ್ದು. ಹೆಸರು ಸವತಿಗಂಧವಾರಣ ಬಸದಿ. ಗಂಧವಾರಣ ಅಂದರೆ ಮದವೇರಿದ ಆನೆ. ಸವತಿಯರ ಪಾಲಿಗೆ ಮದ್ದಾನೆ! ಅದು ಅವಳ ಬಿರುದು, ಬಸದಿಗೆ ಬಂದದ್ದು ಆ ಬಿರುದಿನಿಂದಲೇ. ಆ ಬಿಸಿಲಿನಲ್ಲಿ ನಿಂತು ಒಬ್ಬಳೇ ನಕ್ಕೆ. ಬಿಟ್ಟುಕೊಡುವವಳ ಬಿರುದೇ ಅದು? ಅವಳು ತೀರಿಕೊಂಡದ್ದು 1131ರಲ್ಲಿ, ಶಿವಗಂಗೆಯಲ್ಲಿ ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ಧುಮುಕಿದಳು ಅಂತ ಹೇಳುವುದಿಲ್ಲ. ಮಗಳು ಹೋದದ್ದನ್ನು ತಡೆಯಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಉಪವಾಸವಿದ್ದು ಪ್ರಾಣ ಬಿಟ್ಟದ್ದನ್ನೂ ಹೇಳುತ್ತದೆ. ಕಾದಂಬರಿಗಳಲ್ಲಿ ನಾವು ಅತ್ತದ್ದು ರಾಜ ರಾಣಿಗಾಗಿ. ಬೆಟ್ಟದ ಮೇಲೆ ನನಗೆ ಕಣ್ಣು ತುಂಬಿದ್ದು ಆ ತಾಯಿಗೆ.

ಮನೆಗೆ ಬಂದು ಹೇಳಿದರೆ ಅತ್ತೆಗೆ ಖುಷಿಯೋ ಖುಷಿ. ‘ಸವತಿಗಂಧವಾರಣ’ ಅಂತ ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ ನೋಡಿದರು. ‘ಹಾಗ್ ಹೇಳು ಮತ್ತೆ! ಅವಳು ಸುಮ್ನೆ ಇದ್ದೋಳಲ್ಲ.’ ಆಮೇಲೆ ‘ಶಾಂತಲಾ’ವನ್ನು ಮತ್ತೊಮ್ಮೆ ಮೊದಲಿಂದ ಓದಿಸಿದರು. ಈ ಸಲ ನಡುನಡುವೆ ರಾಣಿಯ ಪರವಾಗಿ ತಾವೇ ಮಾತಾಡುತ್ತಿದ್ದರು. ಬಾಡಿಗೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದರಲ್ಲ, ಥೇಟ್ ಹಾಗೆ.

ಮಗಳು ಬೆಂಗಳೂರಿನಿಂದ ಬಂದರೆ ಫೋನಿನಲ್ಲೇ ಓದುತ್ತಾಳೆ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ಪ್ರೇಮ ಕಥೆಗಳು ಕಂತು ಕಂತಾಗಿ ಬರುತ್ತವೆ, ನಾವು ವಾರಪತ್ರಿಕೆಗೆ ಕಾದ ಹಾಗೆ ಅವಳು ಮುಂದಿನ ಕಂತಿಗೆ ಕಾಯುತ್ತಾಳೆ. ಒಂದೆರಡು ಅಜ್ಜಿಗೂ ಓದಿ ಹೇಳಿದಳು. ನಾಯಕ ಕಂಪನಿಯ ಸಿಇಒ, ನಾಯಕಿಯ ಜೊತೆ ಒಂದು ವರ್ಷದ ಒಪ್ಪಂದದ ಮದುವೆ. ‘ಇದು ನಮ್ಮ ಹಳೇ ಕಥೇನೇ ಕಣೇ, ತಾಳಿ ಮೊದ್ಲು’ ಅಂದರು ಅತ್ತೆ. ಸಿಇಒ ಅಂದರೇನು ಅಂತ ಮಾತ್ರ ವಿವರಿಸಬೇಕಾಯಿತು.

ಸದ್ಯಕ್ಕೆ ನಮ್ಮಲ್ಲೊಂದು ತಕರಾರು ನಡೆದಿದೆ. ನಾನು ‘ದುರ್ಗಾಸ್ತಮಾನ’ ತೆಗೆದಿಟ್ಟಿದ್ದೇನೆ, ಅತ್ತೆ ಒಪ್ಪುತ್ತಿಲ್ಲ. ‘ಕೋಟೆ ಬೀಳೋದು, ಎಲ್ರೂ ಸಾಯೋದು, ನಂಗೀಗ ಬೇಡ’ ಅಂತಾರೆ. ಅವರಿಗೆ ರಾಣಿಯೂ ಬೇಕು, ಅವಳು ಕೊನೆಯವರೆಗೂ ಬದುಕಿರಬೇಕು, ಸವತಿ ಇರಬಾರದು, ಗಂಡನಿಗೆ ಕಾಲು ಮುರಿಯದೆಯೇ ಬುದ್ಧಿ ಬರಬೇಕು. ಕಪಾಟೆಲ್ಲ ಜಾಲಾಡಿದೆ, ಸಿಕ್ಕಿಲ್ಲ. ನಿಮ್ಮ ಓದಿನಲ್ಲಿ ಅಂಥದ್ದೊಂದು ಇದ್ದರೆ ದಯವಿಟ್ಟು ತಿಳಿಸಿ. ಅಕ್ಷರ ಸ್ವಲ್ಪ ದಪ್ಪಗಿದ್ದರೆ ಇನ್ನೂ ಒಳ್ಳೆಯದು, ಓದುವವಳಿಗೂ ಕನ್ನಡಕದ ನಂಬರ್ ಏರುತ್ತಿದೆ.