ಸೆಡ್ರಿಕ್ ಎಂಬ ಹೆಸರು ಬಂದ ಬಗೆ

ನಮ್ಮಲ್ಲಿ ಮಗುವಿಗೆ ಹೆಸರಿಡುವುದು ಒಂದು ಸಂಸ್ಕಾರ. ಕೆಲವರು ಜನ್ಮನಕ್ಷತ್ರದ ಅಕ್ಷರವನ್ನು ನೋಡುತ್ತಾರೆ. ಕೆಲವರು ಮನೆದೇವರ ಹೆಸರನ್ನೋ ತಾತನ ಹೆಸರನ್ನೋ ಇಡುತ್ತಾರೆ. ಯಾವ ಹೆಸರನ್ನಿಟ್ಟರೂ ಅದಕ್ಕೊಂದು ಪರಂಪರೆ ಇರಬೇಕು, ಒಂದು ಅರ್ಥ ಇರಬೇಕು ಎಂಬುದು ನಮ್ಮ ಎಣಿಕೆ. ಇಂಗ್ಲಿಷರಿಗೂ ಈ ಎಣಿಕೆ ಇಲ್ಲದಿಲ್ಲ. ಜಾನ್, ಥಾಮಸ್ ಎಂಬುವು ಬೈಬಲಿನಿಂದ ಬಂದವು. ವಿಲಿಯಂ, ರಿಚರ್ಡ್ ಎಂಬುವು ನಾರ್ಮನ್ ಜನರೊಡನೆ ಬಂದವು. ಎಡ್ವರ್ಡ್ ಎಂಬುದು ಅದಕ್ಕೂ ಹಿಂದಿನ ಸ್ಯಾಕ್ಸನ್ ಕಾಲದ್ದು. ಇಂಥ ಮನೆತನಸ್ಥ ಹೆಸರುಗಳ ಸಾಲಿನಲ್ಲಿ ತಾತ ಮುತ್ತಾತಂದಿರೇ ಇಲ್ಲದ ಹೆಸರೊಂದು ಬಂದು ಕುಳಿತಿದೆ. ಅದು ಸೆಡ್ರಿಕ್. ಇಂಗ್ಲೆಂಡಿನಲ್ಲಿ ಎಂದೂ ಮೊದಲ ಸಾಲಿಗೆ ಬಾರದ, ಈಗಂತೂ ಹಸುಗೂಸುಗಳಿಗೆ ಬಹು ಅಪರೂಪವಾಗಿ ಇಡುವ ಈ ಹೆಸರು ಹುಟ್ಟಿದ್ದು ಒಂದು ಕಾದಂಬರಿಯ ಹಾಳೆಯ ಮೇಲೆ. ಅದೂ ಬಹುಶಃ ಎರಡಕ್ಷರ ಸ್ಥಳ ತಪ್ಪಿದ್ದರಿಂದ.

ಕಾದಂಬರಿ ವಾಲ್ಟರ್ ಸ್ಕಾಟನ ‘ಐವನ್‌ಹೋ’. ನಮ್ಮ ನಾಡಿನಲ್ಲಿಯೂ ಎಷ್ಟೋ ಮಂದಿ ಶಾಲೆ ಕಾಲೇಜುಗಳಲ್ಲಿ ಓದಿದ ಪುಸ್ತಕವದು. ಅದು ಪ್ರಕಟವಾದದ್ದು ೧೮೧೯ರ ಡಿಸೆಂಬರಿನಲ್ಲಿ. ಕಥೆ ನಡೆಯುವುದು ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಒಂದನೆಯ ರಿಚರ್ಡನ ಕಾಲದಲ್ಲಿ. ೧೦೬೬ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುಕೊಂಡು ನೂರು ವರ್ಷಗಳ ಮೇಲಾಗಿದೆ. ಆದರೂ ಸೋಲನ್ನು ಒಪ್ಪದೆ, ಸ್ಯಾಕ್ಸನ್ ಭಾಷೆ, ಸ್ಯಾಕ್ಸನ್ ಊಟ, ಸ್ಯಾಕ್ಸನ್ ರೀತಿನೀತಿ ಎಂದು ಹಟ ಹಿಡಿದು ಕುಳಿತಿರುವ ಮುದಿಯ ಜಮೀನುದಾರನೊಬ್ಬ ಆ ಕಥೆಯಲ್ಲಿದ್ದಾನೆ. ನಾರ್ಮನ್ ದೊರೆಯ ಬೆನ್ನು ಹತ್ತಿ ಹೋದನೆಂದು ತನ್ನ ಸ್ವಂತ ಮಗನನ್ನೇ ಅವನು ಮನೆಯಿಂದ ಹೊರಗಟ್ಟಿದ್ದಾನೆ. ಇಂಥ ಪಾತ್ರಕ್ಕೆ ಅಪ್ಪಟ ಸ್ಯಾಕ್ಸನ್ ಹೆಸರೇ ಬೇಕಷ್ಟೆ. ಸ್ಕಾಟ್ ಇಟ್ಟ ಹೆಸರು ಸೆಡ್ರಿಕ್.

ವಿನೋದವೆಂದರೆ, ಹಳೆಯ ಸ್ಯಾಕ್ಸನ್ ದಾಖಲೆಗಳಲ್ಲಿ ಈ ಹೆಸರು ಕಾಣುವುದಿಲ್ಲ. ಕಾಣುವುದು ಸೆರ್ಡಿಕ್ ಎಂಬ ಹೆಸರು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಸಂಗ್ರಹವಾದ ‘ಆಂಗ್ಲೋ ಸ್ಯಾಕ್ಸನ್ ಕ್ರಾನಿಕಲ್’ ಎಂಬ ವರ್ಷವಾರು ಚರಿತ್ರೆಯಲ್ಲಿ ಈ ಸೆರ್ಡಿಕನ ಮಾತು ಬರುತ್ತದೆ. ಕ್ರಿಸ್ತಶಕ ೪೯೫ರಲ್ಲಿ ಅವನೂ ಅವನ ಮಗನೂ ಐದು ಹಡಗುಗಳೊಡನೆ ಬ್ರಿಟನ್ನಿನ ತೀರಕ್ಕೆ ಬಂದಿಳಿದರೆಂದೂ, ೫೩೪ರಲ್ಲಿ ಅವನು ತೀರಿಕೊಂಡನೆಂದೂ ಅದು ಹೇಳುತ್ತದೆ. ಅವನು ವೆಸೆಕ್ಸ್ ರಾಜ್ಯದ ಮೂಲಪುರುಷ. ಆಲ್‌ಫ್ರೆಡ್ ಮಹಾರಾಜನೂ ತನ್ನ ವಂಶಾವಳಿಯನ್ನು ಇವನಲ್ಲಿಗೇ ಒಯ್ದು ಸೇರಿಸುತ್ತಿದ್ದ. ಸ್ಕಾಟನು ಈ ಸೆರ್ಡಿಕನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುವಾಗ ‘ರ’ಕಾರವೂ ‘ಡ’ಕಾರವೂ ಅದಲು ಬದಲಾಗಿ ಸೆಡ್ರಿಕ್ ಆಯಿತೆಂಬುದು ಹೆಸರುಗಳ ನಿಘಂಟು ಬರೆದವರಲ್ಲಿ ಹೆಚ್ಚು ಮಂದಿಯ ಅಭಿಪ್ರಾಯ. ಅವನು ಬೇಕೆಂದೇ ಹಾಗೆ ಮಾಡಿರಬಹುದು, ಇಲ್ಲವೆ ವೇಲ್ಸ್ ಪ್ರಾಂತದ ಬೇರೊಂದು ಹೆಸರು ಅವನ ನೆನಪಿನಲ್ಲಿದ್ದಿರಬಹುದು ಎನ್ನುವವರೂ ಉಂಟು.

ಹೀಗೆ ಅಕ್ಷರಗಳು ಜಾಗ ಬದಲಿಸುವುದು ಭಾಷೆಗೆ ಹೊಸದಲ್ಲ. ವಾರಾಣಸಿ ಎಂಬುದು ಜನರ ಬಾಯಲ್ಲಿ ಬನಾರಸ್ ಆದುದನ್ನು ನೋಡಿ. ‘ರ’ ಹಿಂದಕ್ಕೆ ಹೋಗಿ ‘ನ’ ಮುಂದಕ್ಕೆ ಬಂದಿದೆ. ಇಂಗ್ಲಿಷಿನಲ್ಲಿ ಹಕ್ಕಿಗೆ ಇಂದು ಬರ್ಡ್ ಎನ್ನುತ್ತಾರೆ; ಹಿಂದೆ ಅದು ಬ್ರಿಡ್ ಎಂದಿತ್ತು. ಆದರೆ ಅವೆಲ್ಲ ಸಾವಿರಾರು ಜನರ ನಾಲಗೆಯ ಮೇಲೆ, ತಲೆಮಾರುಗಳ ಕಾಲ ಹೊರಳಿ ಆದ ಬದಲಾವಣೆಗಳು. ಸೆಡ್ರಿಕ್ ಆದದ್ದು ಒಬ್ಬನೇ ಮನುಷ್ಯನ ಲೇಖನಿಯಿಂದ.

ಇದರ ಹಿಂದೆ ಇನ್ನೂ ಒಂದು ವಿನೋದವಿದೆ. ಸೆರ್ಡಿಕ್ ಎಂಬ ಮೂಲ ಹೆಸರಾದರೂ ಅಪ್ಪಟ ಸ್ಯಾಕ್ಸನ್ನೇ? ಅಲ್ಲವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸ್ಯಾಕ್ಸನ್ನರು ಬರುವುದಕ್ಕೆ ಮೊದಲೇ ಆ ದ್ವೀಪದಲ್ಲಿದ್ದ ಬ್ರಿಟನ್ ಜನರ ಭಾಷೆಯ ಹೆಸರು ಅದು. ಇಂದಿನ ವೇಲ್ಸ್ ಭಾಷೆಯ ಕೆರೆಡಿಗ್ ಎಂಬ ಹೆಸರಿನ ನಂಟ. ಪ್ರೀತಿ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಸ್ಯಾಕ್ಸನ್ ದೊರೆಗಳ ಮೂಲಪುರುಷನ ಹೆಸರೇ ಅವರು ಗೆದ್ದ ಜನರದು! ಶುದ್ಧ ಸ್ಯಾಕ್ಸನ್ ರಕ್ತವೆಂದು ಎದೆ ತಟ್ಟಿಕೊಳ್ಳುವ ಕಾದಂಬರಿಯ ಮುದುಕನಿಗೆ ಇದು ತಿಳಿದಿದ್ದರೆ ಏನೆನ್ನುತ್ತಿದ್ದನೋ! ಮಕ್ಕಳಿಗೆ ಹೆಸರು ಹುಡುಕುವವರಿಗಾಗಿ ಅಚ್ಚಾಗುವ ಪುಸ್ತಕಗಳು ಸೆಡ್ರಿಕ್ ಎಂದರೆ ಯುದ್ಧನಾಯಕ ಎಂದು ಅರ್ಥ ಕೊಡುವುದುಂಟು. ಆ ಅರ್ಥಕ್ಕೆ ಆಧಾರ ಸಾಲದು.

ಸಾಹಿತಿಗಳು ಸೃಷ್ಟಿಸಿದ ಹೆಸರು ಇದೊಂದೇ ಅಲ್ಲ. ಪಮೇಲಾ ಎಂಬುದು ಹದಿನಾರನೆಯ ಶತಮಾನದ ಸರ್ ಫಿಲಿಪ್ ಸಿಡ್ನಿಯದು. ವೆನೆಸ್ಸಾ ಎಂಬುದು ಜೊನಾಥನ್ ಸ್ವಿಫ್ಟನದು. ಇಮೊಜೆನ್ ಎಂಬ ಹೆಣ್ಣಿನ ಹೆಸರು ಸೆಡ್ರಿಕ್‌ಗೆ ಇನ್ನೂ ಹತ್ತಿರದ್ದು. ಷೇಕ್ಸ್‌ಪಿಯರನು ಇನೊಜೆನ್ ಎಂದು ಬರೆದದ್ದು ೧೬೨೩ರಲ್ಲಿ ಅವನ ನಾಟಕಗಳು ಅಚ್ಚಾಗುವಾಗ ಇಮೊಜೆನ್ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಆದರೂ ಆ ಹೆಸರನ್ನಿಟ್ಟುಕೊಂಡ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ.

ಹೆಸರು ಹುಟ್ಟಿದ ಮಾತ್ರಕ್ಕೆ ಬಳಕೆಗೆ ಬಂದುಬಿಡುವುದಿಲ್ಲ. ‘ಐವನ್‌ಹೋ’ ಓದಿದವರು ಲೆಕ್ಕವಿಲ್ಲದಷ್ಟು ಮಂದಿ. ಆದರೂ ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ತಮ್ಮ ಮಗನಿಗೆ ಸೆಡ್ರಿಕ್ ಎಂದು ಹೆಸರಿಟ್ಟವರು ತೀರ ವಿರಳ. ಮೂಗಿನ ತುದಿಯಲ್ಲೇ ಸಿಟ್ಟಿರುವ ಮುದುಕನ ಹೆಸರನ್ನು ತೊಟ್ಟಿಲ ಕೂಸಿಗೆ ಇಡುವವರು ಯಾರು? ಆ ಹೆಸರು ತೊಟ್ಟಿಲಿಗೆ ಬರಬೇಕಾದರೆ ಕಥೆಯೊಳಗೂ ಒಂದು ಮಗುವೇ ಬರಬೇಕಾಯಿತು.

ಆ ಮಗುವನ್ನು ಕೊಟ್ಟವರು ಫ್ರಾನ್ಸಿಸ್ ಹಾಡ್ಸನ್ ಬರ್ನೆಟ್ ಎಂಬ ಲೇಖಕಿ. ಹುಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಬೆಳೆದು ಹೆಸರು ಪಡೆದದ್ದು ಅಮೆರಿಕದಲ್ಲಿ. ಅವರ ‘ಲಿಟ್ಲ್ ಲಾರ್ಡ್ ಫಾಂಟ್ಲೆರಾಯ್’ ೧೮೮೫ರಿಂದ ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು ೧೮೮೬ರಲ್ಲಿ ಪುಸ್ತಕವಾಯಿತು. ಕಥಾನಾಯಕ ಸೆಡ್ರಿಕ್ ಎರಲ್, ನ್ಯೂಯಾರ್ಕಿನಲ್ಲಿ ವಿಧವೆ ತಾಯಿಯೊಡನೆ ಸಾಧಾರಣವಾಗಿ ಬದುಕಿರುವ ಹುಡುಗ. ಇಂಗ್ಲೆಂಡಿನಲ್ಲಿರುವ ಅವನ ತಾತ ದೊಡ್ಡ ಶ್ರೀಮಂತ, ಅಷ್ಟೇ ಕಲ್ಲೆದೆಯವನು. ಅವನ ಮಕ್ಕಳೆಲ್ಲ ತೀರಿಹೋಗಿ ಆಸ್ತಿ ಪದವಿಗಳಿಗೆ ಈ ಮೊಮ್ಮಗನೇ ಹಕ್ಕುದಾರನಾಗುತ್ತಾನೆ. ತಾತ ಒಳ್ಳೆಯವನೆಂದೇ ಹುಡುಗ ನಂಬಿ ನಡೆಯುತ್ತಾನೆ. ಆ ನಂಬಿಕೆಗೆ ಕಟ್ಟುಬಿದ್ದು ತಾತ ನಿಜವಾಗಿಯೂ ಒಳ್ಳೆಯವನಾಗುತ್ತಾನೆ. ಕಥೆ ಇಷ್ಟೇ. ಆದರೆ ಅದು ಅಮೆರಿಕ, ಇಂಗ್ಲೆಂಡುಗಳ ತಾಯಂದಿರ ಮನಸ್ಸನ್ನು ಸೂರೆಗೊಂಡಿತು. ೧೮೮೮ರಲ್ಲಿ ನಾಟಕವಾಯಿತು. ೧೯೨೧ರ ಚಲನಚಿತ್ರದಲ್ಲಿ ಮೇರಿ ಪಿಕ್‌ಫರ್ಡ್ ಎಂಬ ನಟಿ ತಾಯಿಯ ಪಾತ್ರವನ್ನೂ ಮಗನ ಪಾತ್ರವನ್ನೂ ತಾನೇ ಮಾಡಿದಳು.

ಕಥೆಯೊಡನೆ ಒಂದು ವೇಷವೂ ಪ್ರಚಾರಕ್ಕೆ ಬಂತು. ಚಿತ್ರಗಳಲ್ಲಿ ಸೆಡ್ರಿಕ್ ಕಪ್ಪು ಮಖಮಲ್ಲಿನ ಅಂಗಿ, ಮೊಣಕಾಲವರೆಗಿನ ಇಜಾರ, ಅಗಲವಾದ ಲೇಸಿನ ಕಾಲರು ತೊಟ್ಟು, ಗುಂಗುರು ಕೂದಲನ್ನು ಹೆಗಲ ಮೇಲೆ ಇಳಿಬಿಟ್ಟಿದ್ದ. ತಾಯಂದಿರು ತಮ್ಮ ಮಕ್ಕಳಿಗೂ ಇದೇ ವೇಷ ಹೊಲಿಸಿದರು. ಬೀದಿಯಲ್ಲಿ ಓರಗೆಯವರು ಗೋಲಿಯಾಡುತ್ತಿರುವಾಗ ಮಖಮಲ್ಲನ್ನು ಮಣ್ಣು ಮಾಡಿಕೊಳ್ಳದೆ ನಿಲ್ಲಬೇಕಾದ ಹುಡುಗರ ಪಾಡನ್ನು ಊಹಿಸಿಕೊಳ್ಳಬಹುದು. ಬರಬರುತ್ತ ಫಾಂಟ್ಲೆರಾಯ್ ಎಂಬುದು ಅತಿ ಮುದ್ದಿನಲ್ಲಿ ಬೆಳೆದ ಹುಡುಗನನ್ನು ಅಣಕಿಸುವ ಮಾತೇ ಆಗಿಹೋಯಿತು.

ಇದರ ಭಾರವನ್ನು ಎಲ್ಲರಿಗಿಂತ ಹೆಚ್ಚಾಗಿ ಹೊತ್ತವರು ಲೇಖಕಿಯ ಸ್ವಂತ ಮಗ ವಿವಿಯನ್ ಬರ್ನೆಟ್. ಸೆಡ್ರಿಕನ ಪಾತ್ರಕ್ಕೆ ಮಾದರಿ ಅವರೇ. ಓದಿ ದೊಡ್ಡವರಾದರೂ, ತಾಯಿಯ ಜೀವನಚರಿತ್ರೆಯನ್ನು ಬರೆದರೂ, ಜನಕ್ಕೆ ಅವರು ಮಖಮಲ್ಲಿನ ಹುಡುಗನೇ. ೧೯೩೭ರ ಜುಲೈನಲ್ಲಿ ನ್ಯೂಯಾರ್ಕಿನ ಬಳಿಯ ಸಮುದ್ರದಲ್ಲಿ ದೋಣಿಯೊಂದು ಮಗುಚಿತು. ತಮ್ಮ ದೋಣಿಯಲ್ಲಿ ಅತ್ತ ಧಾವಿಸಿ, ನಾಲ್ವರನ್ನು ನೀರಿನಿಂದ ಉಳಿಸಲು ನೆರವಾಗಿ, ಆ ಶ್ರಮದ ಬೆನ್ನಿಗೇ ವಿವಿಯನ್ ಪ್ರಾಣ ಬಿಟ್ಟರು. ಆಗ ಅವರಿಗೆ ೬೧ ವರ್ಷ. ಮರುದಿನ ಪತ್ರಿಕೆಗಳು ಅವರನ್ನು ಗುರುತಿಸಿದ್ದು ಮೂಲ ಫಾಂಟ್ಲೆರಾಯ್ ಎಂದೇ. ಅಷ್ಟು ದೊಡ್ಡ ಕೆಲಸ ಮಾಡಿ ಮಡಿದವರನ್ನೂ ಬಾಲ್ಯದ ಅಂಗಿ ಬಿಡಲಿಲ್ಲ.

ಅಂಗಿಯ ಮೋಹ ಹೋಯಿತು, ಹೆಸರು ಉಳಿಯಿತು. ಕಥೆ ಬಂದ ನಂತರದ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಸೆಡ್ರಿಕ್‌ಗಳು ಕಾಣಿಸಿಕೊಂಡರು. ಚಿತ್ರಕಾರ ಸೆಡ್ರಿಕ್ ಮಾರಿಸ್ ಹುಟ್ಟಿದ್ದು ೧೮೮೯ರಲ್ಲಿ. ರಂಗಭೂಮಿಯ ಪ್ರಸಿದ್ಧ ನಟ ಸರ್ ಸೆಡ್ರಿಕ್ ಹಾರ್ಡ್‌ವಿಕ್ ೧೮೯೩ರಲ್ಲಿ. ಅಮೆರಿಕದ ಚಲನಚಿತ್ರರಂಗದಲ್ಲಿ ಆಸ್ಕರ್ ಪಾರಿತೋಷಕದ ಪ್ರತಿಮೆಯ ರೂಪವನ್ನು ಕಲ್ಪಿಸಿದವರು ಸೆಡ್ರಿಕ್ ಗಿಬ್ಬನ್ಸ್. ಮುಂದೆ ಟೈಟಾನಿಕ್ಕನ್ನು ಕಟ್ಟಿಸಿದ ಹಡಗಿನ ಕಂಪನಿಯೇ ೧೯೦೨ರಲ್ಲಿ ನೀರಿಗಿಳಿಸಿದ ಭಾರಿ ಹಡಗಿಗೂ ಸೆಡ್ರಿಕ್ ಎಂಬ ಹೆಸರು. ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಈ ಹೆಸರು ಹಿಂದೆ ಸರಿಯಿತು. ಆದರೆ ೧೯೭೦ರ ದಶಕದಲ್ಲಿ ಅಮೆರಿಕದ ಕಪ್ಪು ಜನರಲ್ಲಿ ಅದು ಬಹಳ ಮೆಚ್ಚಿಕೆಯಾಯಿತು. ಅದೇ ದಶಕದಲ್ಲಿ ಫ್ರಾನ್ಸಿನಲ್ಲಿಯೂ ಮನೆಮನೆಯ ಹೆಸರಾಯಿತು. ನಾರ್ಮನ್ನರು ಹೊರಟುಬಂದ ನಾಡೇ ಫ್ರಾನ್ಸ್ ಎಂಬುದನ್ನು ನೆನೆದರೆ ನಗು ಬರುತ್ತದೆ.

ನಮ್ಮ ದೇಶಕ್ಕೂ ಈ ಹೆಸರು ಬಾರದೆ ಇರಲಿಲ್ಲ. ಆಂಗ್ಲೋ ಇಂಡಿಯನ್ನರ ಪರವಾಗಿ ಬರೆದ ಲೇಖಕ ಸೆಡ್ರಿಕ್ ಡೋವರ್ ೧೯೦೪ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. ಮಂಗಳೂರಿನ ಕಡೆಯ ಕ್ರೈಸ್ತ ಕುಟುಂಬಗಳಲ್ಲಿಯೂ ಸೆಡ್ರಿಕ್ ಎಂಬುವರು ಇದ್ದಾರೆ. ೨೦೧೦ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಜಗತ್ತಿನ ಗಣಿತಜ್ಞರ ಮಹಾಸಮ್ಮೇಳನ ಸೇರಿತ್ತು. ಗಣಿತದಲ್ಲಿ ಅತಿ ಹಿರಿದೆನಿಸಿದ ಫೀಲ್ಡ್ಸ್ ಪದಕವನ್ನು ಅಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರ ಕೈಯಿಂದ ಪಡೆದವರಲ್ಲಿ ೧೯೭೩ರಲ್ಲಿ ಹುಟ್ಟಿದ ಒಬ್ಬ ಫ್ರೆಂಚ್ ಗಣಿತಜ್ಞರಿದ್ದರು. ಅವರ ಹೆಸರು ಸೆಡ್ರಿಕ್ ವಿಲಾನಿ.

ಎರಡಕ್ಷರ ಸ್ಥಳ ತಪ್ಪಿ ಹುಟ್ಟಿದ ಹೆಸರು ನಟನನ್ನೂ ಚಿತ್ರಕಾರನನ್ನೂ ಗಣಿತಜ್ಞನನ್ನೂ ಕಂಡಿದೆ. ಮೂಲವನ್ನು ಕೆದಕಿದರೆ ಅದಕ್ಕೆ ಶಾಸ್ತ್ರವಿಲ್ಲ, ನಿಶ್ಚಿತವಾದ ಅರ್ಥವಿಲ್ಲ. ಆದರೆ ಕರೆದಾಗ ಓಗೊಡುವವರು ಇರುವತನಕ ಯಾವ ಹೆಸರನ್ನೂ ತಪ್ಪು ಎನ್ನುವಂತಿಲ್ಲ. ಮಗುವಿಗೆ ಒಳ್ಳೆಯ ಹೆಸರನ್ನು ಹುಡುಕುವುದು ತಂದೆತಾಯಿಗಳ ಸಂತೋಷ, ಅದನ್ನು ಹುಡುಕೋಣ. ಹೆಸರಿನ ಜೊತೆಗೆ ಮಖಮಲ್ಲಿನ ಅಂಗಿಯನ್ನೂ ತೊಡಿಸದೆ, ಅದರಲ್ಲಿ ಏನನ್ನು ತುಂಬಬೇಕೆಂಬುದನ್ನು ಮಾತ್ರ ಮಗುವಿಗೇ ಬಿಡೋಣ.